ವಿರೋಧದ ಭಾಷಣ

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥಕ್ಕೆಂದು ವನಗೂರಿಗೆ ಹೋಗಿದ್ದೆ. ಊಟವಾದ ಮೇಲೆ ಹೆಂಗಸರೆಲ್ಲ ಸೀರೆ, ಬಳೆ ನೋಡುತ್ತ ಕೂತರು. ನನಗೆ ಸೀರೆಯ ವಿಷಯದಲ್ಲಿ ಮಾತಾಡಲು ಬರುವುದಿಲ್ಲ, ಉಳಿದ ಎಲ್ಲ ವಿಷಯದಲ್ಲೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತೇನೆ. ಹಾಗಾಗಿ ಎದ್ದು ಮನೆಯ ಹಿಂಭಾಗಕ್ಕೆ ಹೋದೆ. ಅಲ್ಲಿ ಏಲಕ್ಕಿ ಒಣಗಿಸುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬೆಚ್ಚನೆಯ ಗಾಳಿಯ ಜೊತೆ ಏಲಕ್ಕಿಯ ಘಾಟು ಮುಖಕ್ಕೆ ಬಡಿಯಿತು. ಯಾರಿಗಾದರೂ ಹಿತವಾಗುವ ವಾಸನೆ. ನಾನು ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಹಮೀದ್ ನಮ್ಮ ಮನೆಯ ಮಹಡಿಯಲ್ಲಿದ್ದಾಗ ಮೆಟ್ಟಿಲ ತುಂಬ ಇದೇ ವಾಸನೆ ಇರುತ್ತಿತ್ತು. ಹಸಿರು ಚಹಾಕ್ಕೆ ಏಲಕ್ಕಿ ಜಜ್ಜಿ ಹಾಕಿ, ದಿನವಿಡೀ ಅದನ್ನೇ ಕುಡಿಯುತ್ತಿದ್ದ.

ಹಮೀದ್ ಅಫ್ಘಾನಿಸ್ತಾನದವನು. ಇಲ್ಲಿನ ಕೃಷಿ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದವನು, ಏಲಕ್ಕಿಗೆ ಬರುವ ಕಟ್ಟೆ ರೋಗದ ಮೇಲೆ ಪ್ರಬಂಧ ಬರೆಯಲು ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲದ ಶುರುವಿನಲ್ಲಿ ಸಕಲೇಶಪುರಕ್ಕೆ ಬಂದ. ನಮ್ಮ ಯಜಮಾನರದು ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಅವನ ಗೈಡು ಇವರಿಗೆ ಪರಿಚಯ. ಹೆದ್ದಾರಿಯ ಪಕ್ಕದಲ್ಲಿ, ಆನೇಮಹಲಿನಲ್ಲಿರುವ ನಮ್ಮ ಮನೆಯ ಮಹಡಿ ಖಾಲಿ ಇತ್ತು. ನಮ್ಮದು ಲಿಂಗ ಕಟ್ಟುವ ಮನೆ. ಅತ್ತೆ ಬೆಳಿಗ್ಗೆ ಎದ್ದು ಪೂಜೆ ಮುಗಿಸದೆ ನೀರೂ ಕುಡಿಯುವವರಲ್ಲ. ಇವನೋ ಗಡ್ಡ ಬಿಟ್ಟ ಆರಡಿ ಆಳು. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಇಷ್ಟು:

"ನೋಡಪ್ಪ, ಮೇಲ್ಗಡೆ ಏನಾದ್ರೂ ಬೇಯಿಸ್ಕೊ, ನಾನು ಕೇಳಾಕಿಲ್ಲ. ವಾಸ್ನೆ ಮಾತ್ರ ಮೆಟ್ಲು ಇಳೀಬಾರ್ದು."

ಅವನಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ನಾನು ಹಿಂದಿಯಲ್ಲಿ ತಿಳಿಸಿದೆ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಟಿವಿ ಧಾರಾವಾಹಿ ನೋಡಿ ಕಲಿತದ್ದಂತೆ. "ಆಗಲಿ ಅಂತ ಹೇಳಿ ಅಮ್ಮನವರಿಗೆ" ಎಂದ. ಆಮೇಲೆ ಮೆಟ್ಟಿಲು ಇಳಿದು ಬಂದದ್ದು ಏಲಕ್ಕಿಯ ವಾಸನೆಯೊಂದೇ. ಅದಕ್ಕೆ ಅತ್ತೆಯ ತಕರಾರು ಇರಲಿಲ್ಲ.

ಬಹಳ ಸಾಧು ಮನುಷ್ಯನೇನಲ್ಲ ಅವನು. ಗಡ್ಡ ತೀಡಿಕೊಳ್ಳಲು ಕನ್ನಡಿಯ ಮುಂದೆ ನಿಂತರೆ ನಿಂತೇಬಿಟ್ಟ. ಕೇರಂನಲ್ಲಿ ಸೋತರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದ. ನಮ್ಮ ಕಾಫಿಯನ್ನು "ಸುಟ್ಟ ನೀರು" ಎನ್ನುತ್ತಿದ್ದ. ಕಾಫಿ ಸೀಮೆಯಲ್ಲಿ ನಿಂತು ಹಾಗೆನ್ನಲು ಧೈರ್ಯ ಬೇಕು. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಕನ್ನಡ ಕಲಿತು, ಒಮ್ಮೆ ನಾನು ಪಾಠ ಹೇಳುವ ಕಾಲೇಜಿನ ಪ್ರಿನ್ಸಿಪಾಲರು ಮನೆಗೆ ಬಂದಾಗ "ಬಾ ಮಾರಾಯ, ಕೂತ್ಕೊ" ಎಂದುಬಿಟ್ಟ. ಪ್ರಿನ್ಸಿಪಾಲರು ನಕ್ಕು ಕೂತರು. ಅತ್ತೆ ಅಂದಿನಿಂದ ಅವನನ್ನು "ಅಮೀದಪ್ಪ" ಎಂದು ಕರೆಯತೊಡಗಿದರು, ಅವನು ಅವರನ್ನು "ಅಜ್ಜಿ" ಎಂದ.

ಆಗಸ್ಟ್ ಹದಿನೈದರಂದು ಕಾಲೇಜಿನಲ್ಲಿ ಧ್ವಜ ಹಾರಿಸಿ, ಕೊಟ್ಟ ಲಾಡನ್ನು ಹಿಡಿದು ಮನೆಗೆ ಬಂದೆ. ಮಧ್ಯಾಹ್ನ ಕಳೆದ ಮೇಲೆ ಅವನ ದೇಶದ ರಾಜಧಾನಿ ಬಿದ್ದ ಸುದ್ದಿ ಟಿವಿಯಲ್ಲಿ ಬರತೊಡಗಿತು. ಹಮೀದ್ ನಮ್ಮ ನಡುಮನೆಯ ಹೊಸಿಲ ಹೊರಗೇ ನಿಂತು ನೋಡುತ್ತಿದ್ದ. ಅಷ್ಟು ದಿನ ಅವನು ಒಳಗೆ ಬಂದವನಲ್ಲ, ನಾವು ಕರೆದವರೂ ಅಲ್ಲ. ಅತ್ತೆ ಹೋಗಿ ಅವನ ಕೈ ಹಿಡಿದು ಎಳೆತಂದು ಕುರ್ಚಿಯಲ್ಲಿ ಕೂರಿಸಿದರು. ಮನೆಯವರು ಕುಡಿಯುವ ಲೋಟದಲ್ಲೇ ಕಾಫಿ ಕೊಟ್ಟರು. ಸುಟ್ಟ ನೀರನ್ನು ಅವನು ತಳದವರೆಗೂ ಕುಡಿದ.

ಬಂದೂಕು ಹಿಡಿದವರು ಅಧಿಕಾರಕ್ಕೆ ಬಂದಿದ್ದರಿಂದ ಹೊರಗಿನ ದೇಶಗಳು ಅಲ್ಲಿಗೆ ಬಾಗಿಲು ಮುಚ್ಚಿದವು. ಆ ದೇಶದ ಹಣವನ್ನು ಹೊರಗೇ ತಡೆಹಿಡಿದರು. ಬ್ಯಾಂಕುಗಳು ಕೈಯೆತ್ತಿದವು. ಶಾಲೆ, ಆಸ್ಪತ್ರೆ ನಡೆಯುತ್ತಿದ್ದುದೇ ಹೊರಗಿನ ನೆರವಿನಿಂದ, ಅದೂ ನಿಂತಿತು. ನಾನು ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುವವಳು. ದಿಗ್ಬಂಧನ ಮತ್ತು ನೆರವು ಎಂಬ ಭಾಗವನ್ನು ವರ್ಷವರ್ಷವೂ ಪಾಠ ಮಾಡುತ್ತೇನೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ, ಎರಡನ್ನೂ ತೋರಿಸಿ ಹಾದಿ ತಪ್ಪಿದ ದೇಶವನ್ನು ಸರಿದಾರಿಗೆ ತರುವುದು ಎಂದು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ. ಆ ವರ್ಷ ಪಾಠಕ್ಕೆ ಉದಾಹರಣೆ ನನ್ನ ಮನೆಯ ಮಹಡಿಯಲ್ಲೇ ಇತ್ತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಅದರಿಂದ ಒಳಗೊಳಗೆ ಉತ್ಸಾಹವೇ ಆಗಿತ್ತು.

ಹಮೀದನೂ ಮೊದಮೊದಲು ದಿಗ್ಬಂಧನದ ಪರವೇ. ಸೆಪ್ಟೆಂಬರಿನ ಒಂದು ಭಾನುವಾರ ನಮ್ಮ ಜೊತೆ ಊಟಕ್ಕೆ ಕೂತಿದ್ದ. ಅವನ ತಂಗಿಯ ಶಾಲೆಗೆ ಬೀಗ ಬಿದ್ದಿದೆ ಎಂಬ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ತಟ್ಟೆಯಲ್ಲಿದ್ದ ಅಕ್ಕಿರೊಟ್ಟಿಯನ್ನು ಮುರಿಯುತ್ತಾನೆ, ಬಾಯಿಗಿಡುತ್ತಿಲ್ಲ.

"ಅವರಿಗೆ ಒಂದು ಹಿಡಿ ಗೋಧಿಯನ್ನೂ ಕೊಡಬೇಡಿ ಮೇಡಮ್" ಎಂದು ಹಿಂದಿಯಲ್ಲಿ ಹೇಳಿದ. "ಹಸಿವಾದರೆ ಬಂದೂಕು ತಾನಾಗಿ ಕೆಳಗಿಳಿಯುತ್ತದೆ. ಕಟ್ಟೆ ರೋಗ ಬಂದ ಏಲಕ್ಕಿ ಗಿಡಕ್ಕೆ ಯಾರಾದರೂ ಗೊಬ್ಬರ ಹಾಕುತ್ತಾರಾ? ಬುಡಸಮೇತ ಕಿತ್ತು ಎಸೆಯುತ್ತಾರೆ."

"ಏನಂತಾನೆ?" ಎಂದು ಅತ್ತೆ ಕೇಳಿದರು. ನಾನು ಹೇಳಿದೆ. "ಬುಡ್ತು ಅನ್ನು. ಅನ್ನದ ಮುಂದೆ ಕೂತು ಅಂಥ ಮಾತು ಆಡ್ಬಾರ್ದು" ಎಂದು ಅವರು ಅವನ ರೊಟ್ಟಿಯ ಮೇಲೆ ಇನ್ನೊಂದು ಚಮಚ ಬೆಣ್ಣೆ ಹಾಕಿದರು. ನನಗೆ ಮಾತ್ರ ಅವನ ಮಾತು ತುಂಬ ಹಿಡಿಸಿತು. ಎಷ್ಟು ಚೆಂದ ಹೇಳಿದ ಎನ್ನಿಸಿ ಮನಸ್ಸಿನಲ್ಲೇ ತೆಗೆದಿಟ್ಟುಕೊಂಡೆ.

ಅವನ ಹೆಂಡತಿ ಪರ್ವೀನ್ ಬಸುರಿ. ಚೊಚ್ಚಲು. ಮದುವೆಯಾಗಿ ವರ್ಷ ತುಂಬಿತ್ತು, ಅವನು ಇಲ್ಲಿಗೆ ಬರುವ ಮೊದಲು ಕೆಲವು ತಿಂಗಳು ಊರಲ್ಲೇ ಇದ್ದ. ಅವಳಿದ್ದ ಸಣ್ಣ ಪಟ್ಟಣಕ್ಕೆ ಒಂದೇ ಹೆರಿಗೆ ಆಸ್ಪತ್ರೆ. ಅಕ್ಟೋಬರ್ ಹೊತ್ತಿಗೆ ಅಲ್ಲಿನ ವೈದ್ಯರಿಗೆ ಸಂಬಳವಿಲ್ಲ, ಜನರೇಟರಿಗೆ ಎಣ್ಣೆ ಇಲ್ಲ. ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕೊನೆಗೆ ಒಬ್ಬ ಮುದುಕಿ ನರ್ಸ್ ಮಾತ್ರ ಉಳಿದಳಂತೆ. ದೊಡ್ಡ ಊರಿಗೆ ಹೋಗಬೇಕೆಂದರೆ ಹಿಮ ಬೀಳುವ ಘಾಟಿ ದಾಟಬೇಕು. ಕೇರಂ ನಿಂತಿತು. ಗಡ್ಡ ಹೇಗೆ ಬೇಕೋ ಹಾಗೆ ಬೆಳೆಯಿತು.

ಒಂದು ಸಂಜೆ ಮೆಟ್ಟಿಲ ಬಳಿ ನನ್ನನ್ನು ತಡೆದು ಕೇಳಿದ. "ಮೇಡಮ್, ನೀವು ಇದನ್ನೇ ಓದಿದವರು. ಆಸ್ಪತ್ರೆಗಳಿಗೆ ನೆರವು ಮತ್ತೆ ಯಾವಾಗ ಶುರುವಾಗಬಹುದು?"

"ಒತ್ತಡ ಕೆಲಸ ಮಾಡೋದಕ್ಕೆ ಸ್ವಲ್ಪ ಸಮಯ ಬೇಕಾಗುತ್ತೆ ಹಮೀದ್" ಎಂದೆ.

ಪಾಠದಲ್ಲಿ ಹಾಗೇ ಇದೆ. ಅವನು ತಲೆಯಾಡಿಸಿ ಮೇಲೆ ಹೋದ. ಬಸುರಿ ಹೆಂಡತಿಯ ಗಂಡನಿಗೆ ನಾನು ಕೊಟ್ಟ ಉತ್ತರ ಅದು. ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಡಿಸೆಂಬರಿನಲ್ಲಿ ನಮ್ಮ ಕಾಲೇಜಿನಲ್ಲಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ. ವಿಷಯ ಆರಿಸುವ ಕೆಲಸ ನನಗೇ ಬಂತು. 'ಸಂಘರ್ಷಪೀಡಿತ ದೇಶವನ್ನು ದಿಗ್ಬಂಧನದಿಂದ ಸರಿದಾರಿಗೆ ತರಬಹುದು' ಎಂದು ಕೊಟ್ಟೆ. ಅತಿಥಿ ಯಾರೆಂದು ಪ್ರಿನ್ಸಿಪಾಲರು ಕೇಳಿದಾಗ ಹಮೀದನ ಹೆಸರು ಹೇಳಿದೆ. ವಿಷಯಕ್ಕೂ ಅತಿಥಿಗೂ ಹೇಗೆ ತಾಳೆಯಾಯಿತು ನೋಡಿ ಎಂದು ಎಲ್ಲರೂ ಹೊಗಳಿದರು. ಒಬ್ಬರಾದರೂ, ಅದರಲ್ಲೂ ನಾನಾದರೂ, ಆ ಮನುಷ್ಯನನ್ನು ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಅವನ ಮನೆಯವರಿಗೆ ಅನ್ನ ಕೊಡಬೇಕೋ ಬೇಡವೋ ಎಂದು ಮಕ್ಕಳಿಂದ ವಾದ ಮಾಡಿಸುವುದು ಎಂಥ ಕೆಲಸ ಎಂದು ಯೋಚಿಸಲಿಲ್ಲ. ಹಮೀದ್ ಕೂಡ ಒಪ್ಪಿದ. "ನಿಮ್ಮ ಮಕ್ಕಳು ನನ್ನ ದೇಶದ ಬಗ್ಗೆ ಮಾತಾಡುತ್ತಾರೆ ಅಂದರೆ ಬರದೇ ಇರುತ್ತೇನಾ?" ಎಂದ.

ನಮ್ಮ ಕಡೆಯ ಚರ್ಚಾಸ್ಪರ್ಧೆಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಒಂದೊಂದು ಕಾಲೇಜಿನಿಂದ ಇಬ್ಬರು ಬರುತ್ತಾರೆ, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಎರಡೂ ಭಾಷಣ ಬರೆದುಕೊಡುವವರು ಮೇಷ್ಟರೇ. ಮಕ್ಕಳದು ಬಾಯಿಪಾಠ ಮಾಡಿ ಒಪ್ಪಿಸುವ ಕೆಲಸ. ಹಾಗಾಗಿ ಪರವೂ ನಾನೇ, ವಿರೋಧವೂ ನಾನೇ. ಪರಕ್ಕೆ ಕುಂದೂರಿನ ಸಿಂಚನಾಳನ್ನು ಆರಿಸಿದೆ. ಗಂಟಲೂ ಗಟ್ಟಿ, ಧೈರ್ಯವೂ ಗಟ್ಟಿ. ವಿರೋಧಕ್ಕೆ ಕಾರ್ತಿಕ್. ಮಾತು ಕಡಿಮೆ, ಆದರೆ ಕೊಟ್ಟದ್ದನ್ನು ಅಕ್ಷರ ತಪ್ಪದಂತೆ ಒಪ್ಪಿಸುವ ಹುಡುಗ. ಸಿಂಚನಾಳ ಭಾಷಣವನ್ನು ಒಂದು ವಾರ ಕೂತು ತಿದ್ದಿ ತೀಡಿ ಬರೆದೆ. ಹಮೀದ್ ಸೆಪ್ಟೆಂಬರಿನಲ್ಲಿ ಆಡಿದ ಮಾತನ್ನು ಹಾಗೆಯೇ ಅದರೊಳಗೆ ಕೂರಿಸಿದೆ. ಅಷ್ಟೊಂದು ಚೆಂದದ ಮಾತನ್ನು ಬಿಡಲು ಮನಸ್ಸಾಗಲಿಲ್ಲ.

ಕಾರ್ತಿಕನ ಭಾಷಣಕ್ಕೆ ಕೈ ಹಾಕಿದ್ದು ಸ್ಪರ್ಧೆಯ ಹಿಂದಿನ ದಿನ. ಒಂದು ಪುಟ ಆಯಿತು. ಅಷ್ಟರಲ್ಲಿ ಅತ್ತೆಯ ಫೋನು. ಅವರು ಮೂರು ದಿನ ಕೂತು ಹೆರಿಗೆಗೆ ಹತ್ತಿರವಾಗಿದ್ದ ಪರ್ವೀನಳಿಗೆಂದು ಬಾಣಂತಿಯ ಉಂಡೆ ಕಟ್ಟಿದ್ದರು. ಕೊಬ್ಬರಿ, ಉತ್ತುತ್ತೆ, ಒಣಶುಂಠಿ, ಬೆಲ್ಲ. ಅದನ್ನು ಅವತ್ತೇ ಕೊರಿಯರ್ ಮಾಡಬೇಕು, ನಾನು ಬರಬೇಕು. ಕಾರ್ತಿಕನನ್ನು ಕರೆದು ಬರೆದಷ್ಟನ್ನು ಕೈಗಿತ್ತೆ. "ಇಷ್ಟು ಬಾಯಿಪಾಠ ಮಾಡ್ಕೊಂಡಿರೋ, ಉಳಿದದ್ದು ಬೆಳಿಗ್ಗೆ ಕೊಡ್ತೀನಿ" ಎಂದೆ. "ಸರಿ ಮಿಸ್" ಎಂದ.

ಪೇಟೆಯ ಕೊರಿಯರ್ ಅಂಗಡಿಯವನು ವಿಳಾಸ ನೋಡಿ ಡಬ್ಬವನ್ನು ನಮ್ಮ ಕಡೆಗೇ ತಳ್ಳಿದ.

"ಅಜ್ಜಿ, ಆ ದೇಶಕ್ಕೆ ಈಗ ಹೋಗಾಕಿಲ್ಲ. ಬಂದ್ ಆಗೈತೆ."

"ಬಂದೂಕ ಕಳ್ಸ್ತಿದೀನೇನೋ? ಉಂಡೆ ಕಣೋ ಇದು. ಉಂಡೆಗೂ ಬಂದಾ?"

"ಉಂಡೆಗೇನೂ ಬಂದ್ ಇಲ್ವಂತೆ ಅಜ್ಜಿ. ತಿನ್ನೋ ಪದಾರ್ಥಕ್ಕೆ ತಡೆ ಇಲ್ಲ ಅಂತಾರೆ. ಆದ್ರೆ ತಗೊಂಡೋಗೋರೇ ಇಲ್ಲ. ನಮ್ಗ್ಯಾಕೆ ಬೇಕು ಅಂತ ಎಲ್ರೂ ಕೈಬುಟ್ಟವ್ರೆ."

ಅತ್ತೆ ಅವನ ಜೊತೆ ಜಗಳ ಕಾದರು. ಕೊನೆಗೆ ಡಬ್ಬ ಹಿಡಿದು ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ನನ್ನನ್ನು ಕೇಳುತ್ತಿದ್ದರು. "ನೀನು ಓದಿದ್ದೀಯಲ್ಲ, ಹೇಳು. ಬಾಣಂತಿ ಏನು ಮಾಡವ್ಳೆ ಅಂತ ಅವಳಿಗೆ ತಡೆ?" ಮನೆಗೆ ಬಂದ ಮೇಲೆ ಅಡುಗೆ, ಮರುದಿನದ ಶಾಲು, ಹಾರ, ಮೈಸೂರು ಪೇಟದ ಗಡಿಬಿಡಿ. ಬೆಳಿಗ್ಗೆಯೂ ಅದೇ ಗಡಿಬಿಡಿ. ಕಾರ್ತಿಕನ ಉಳಿದ ಭಾಷಣ ನನ್ನ ತಲೆಯಿಂದಲೇ ಹೋಗಿಬಿಟ್ಟಿತು.

ಹಮೀದ್ ಕೋಟು ಹಾಕಿಕೊಂಡು, ಗಡ್ಡ ತೀಡಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಕಣ್ಣು ಕೆಂಪಗಿದ್ದವು. ನಿದ್ದೆ ಇಲ್ಲವೇನೋ ಎಂದುಕೊಂಡೆ. ಪೇಟ ತೊಡಿಸಿದಾಗ ಮಕ್ಕಳು ಶಿಳ್ಳೆ ಹೊಡೆದರು. ಅವನಿಗೆ ಭಾಷಣದ ಕನ್ನಡ ತಿಳಿಯುವುದಿಲ್ಲವೆಂದು ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಿವಿಯಲ್ಲಿ ಹಿಂದಿಗೆ ತಿರುಗಿಸಿ ಹೇಳುತ್ತಿದ್ದೆ.

ಸಿಂಚನಾ ಎದ್ದಳು. ಸಭೆ ಅವಳ ಕೈಯೊಳಗೆ ಬಂತು. ನಾನು ತಿದ್ದಿ ತೀಡಿದ ಒಂದೊಂದು ವಾಕ್ಯಕ್ಕೂ ಚಪ್ಪಾಳೆ. ಆಮೇಲೆ ಅವಳು ಕೈ ಎತ್ತಿ ಹೇಳಿದಳು: "ಅವರಿಗೆ ಒಂದು ಹಿಡಿ ಗೋಧಿಯನ್ನೂ ಕೊಡಬೇಡಿ! ಹಸಿವಾದರೆ ಬಂದೂಕು ತಾನಾಗಿ ಕೆಳಗಿಳಿಯುತ್ತದೆ! ಕಟ್ಟೆ ರೋಗ ಬಂದ ಗಿಡಕ್ಕೆ ನಮ್ಮಲ್ಲಿ ಯಾರಾದರೂ ಗೊಬ್ಬರ ಹಾಕುತ್ತಾರೆಯೇ?"

ಮಲೆನಾಡಿನ ಮಕ್ಕಳು, ಏಲಕ್ಕಿ ಗೊತ್ತು. ಚಪ್ಪಾಳೆಗೆ ತಗಡಿನ ಮಾಡು ಅದುರಿತು. ನಾನು ಹಿಂದಿಯಲ್ಲಿ ಶುರುಮಾಡಿದೆ. "ಅವರಿಗೆ ಒಂದು ಹಿಡಿ..." ಅಲ್ಲಿಗೆ ನನ್ನ ನಾಲಿಗೆ ನಿಂತಿತು. ನಾನು ಯಾರ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ ಎಂಬುದು ಆಗಷ್ಟೇ ಹೊಳೆಯಿತು.

"ಬೇಡ ಮೇಡಮ್" ಎಂದ ಹಮೀದ್, ನನ್ನ ಕಡೆ ನೋಡದೆ. "ಅರ್ಥವಾಯಿತು."

ಅವನೂ ಚಪ್ಪಾಳೆ ತಟ್ಟಿದ. ಮೆಲ್ಲಗೆ, ಎಲ್ಲರೂ ನಿಲ್ಲಿಸುವವರೆಗೆ.

ಆಮೇಲೆ ಕಾರ್ತಿಕ್. ನಾನು ಕೊಟ್ಟ ಒಂದು ಪುಟವನ್ನು ಎಲ್ಲೂ ತಡವರಿಸದೆ ಹೇಳಿದ. ನಾನು ಪಿಸುಗುಟ್ಟುತ್ತ ಬಂದೆ, ಹಮೀದ್ ಮುಂದಕ್ಕೆ ಬಾಗಿ ಕೇಳುತ್ತಿದ್ದ. ಪುಟದ ಕೊನೆಯ ಸಾಲು ಬಂತು: "ಹಾಗಾದರೆ ಆಳುವವರನ್ನು ಬಗ್ಗಿಸಲು ಎತ್ತಿದ ಕೋಲು ಮೊದಲು ಬೀಳುವುದು ಯಾರ ಬೆನ್ನಿನ ಮೇಲೆ?"

ಅಷ್ಟು ಹೇಳಿ ಕಾರ್ತಿಕ್ ನನ್ನ ಕಡೆ ನೋಡಿದ. ಬಾಯಿ ತೆರೆದ, ಮುಚ್ಚಿದ. ಮತ್ತೆ ನನ್ನ ಕಡೆ ನೋಡಿದ. ಸಭೆಯ ಹಿಂದಿನಿಂದ ಯಾರೋ "ಮರ್ತೋಗ್ಬುಟ್ಟ ಕಣ್ರೋ" ಎಂದರು. ಎಲ್ಲರೂ ನಕ್ಕರು. ಗಂಟೆ ಬಾರಿಸಿದರು, ಹುಡುಗ ತಲೆ ತಗ್ಗಿಸಿ ಇಳಿದ. ಮೊದಲ ಬಹುಮಾನ ಸಿಂಚನಾಳಿಗೆ. ಹಮೀದನೇ ಕೊಟ್ಟ. ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಮಾತಾಡಿದೆ ಮಗಳೇ" ಎಂದು ಕನ್ನಡದಲ್ಲೇ ಹೇಳಿದ. ಹೊರಗೆ ಕಾರ್ತಿಕ್ ಸಿಕ್ಕಿ, "ನಾನೇ ನೆನಪು ಮಾಡಿ ಕೇಳ್ಬೇಕಿತ್ತು ಮಿಸ್" ಎಂದ. ನಾನು ಅವನ ಭುಜ ತಟ್ಟಿ, "ಪರವಾಗಿಲ್ಲ ಬಿಡೋ" ಎಂದೆ. ಅವನ ತಪ್ಪನ್ನು ನಾನು ಕ್ಷಮಿಸಿದವಳ ಹಾಗೆ!

ಸಂಜೆ ಅತ್ತೆ ಹಮೀದನನ್ನು ಕೆಳಗೆ ಕರೆದರು. ಉಂಡೆ ಹೋಗಲಿಲ್ಲ ಎಂದು ಹೇಳಿ, ಬೇಸರ ಮಾಡ್ಕೋಬೇಡ ಎಂದು ಸಮಾಧಾನ ಹೇಳುವುದಕ್ಕೆ. "ಊರಿಂದ ಏನಾದ್ರೂ ಸುದ್ದಿ ಬಂತೇನಪ್ಪ?" ಎಂದು ಕೇಳಿದರು.

"ಬಂತು ಅಜ್ಜಿ. ಬೆಳಿಗ್ಗೆ" ಎಂದ. ಆಮೇಲೆ ನನಗೆ ಹಿಂದಿಯಲ್ಲಿ ಹೇಳಿದ. ಪಟ್ಟಣದ ಆಸ್ಪತ್ರೆಗೆ ಬೀಗ. ಘಾಟಿಯ ಹಿಮದಲ್ಲಿ ಕಾರು ಸಿಕ್ಕಿಕೊಂಡು, ದೊಡ್ಡ ಊರು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಪರ್ವೀನ್ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣುಮಗು.

ಅತ್ತೆಗೆ ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ, ಅವನ ಮುಖ ನೋಡಿಯೇ ತಿಳಿಯಿತು. ಅವರು ಅವನ ತಲೆಯನ್ನು ಎದೆಗೆ ಒತ್ತಿಕೊಂಡು, "ಅಯ್ಯೋ ನಮ್ಮಪ್ಪ, ಅಯ್ಯೋ ನನ್ನ ಕಂದ" ಎಂದು ಅತ್ತರು. ಆ ಸುದ್ದಿ ಕೇಳಿ ಅವನು ಗಡ್ಡ ತೀಡಿಕೊಂಡಿದ್ದ, ಕೋಟು ಹಾಕಿಕೊಂಡಿದ್ದ, ಪೇಟ ತೊಟ್ಟು ನನ್ನ ಪಕ್ಕದಲ್ಲಿ ಕೂತಿದ್ದ. "ಬರುವುದಿಲ್ಲ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಕೋಣೆಯಲ್ಲಿ ಒಬ್ಬನೇ ಕೂತು ಏನು ಮಾಡಲಿ ಮೇಡಮ್?" ಎಂದ.

ಮಾಗಿ ಕಳೆಯುವ ಹೊತ್ತಿಗೆ ನಮ್ಮ ದೇಶದ ಗೋಧಿ ಲಾರಿಗಳಲ್ಲಿ ಅಲ್ಲಿಗೆ ಹೊರಟಿತು. ಅತ್ತೆ ಟಿವಿಯಲ್ಲಿ ಸಾಲು ಲಾರಿಗಳನ್ನು ಕಂಡು, "ಅಮೀದಪ್ಪ, ನಮ್ಮ ಗೋಧಿ ಹೊಂಟೈತೆ ಕಣೋ, ಬಾ ನೋಡು!" ಎಂದು ಮಹಡಿಗೆ ಕೇಳುವ ಹಾಗೆ ಕೂಗಿದರು. ಅವನು ಬಂದು ನೋಡಿ, ಒಳ್ಳೆಯದು ಎಂದ. ಬೇಸಿಗೆಯಲ್ಲಿ ಪ್ರಬಂಧ ಮುಗಿಸಿದ. ಈಗ ಬೇರೊಂದು ದೇಶದಲ್ಲಿದ್ದಾನೆ, ಪರ್ವೀನ್ ಜೊತೆಗಿದ್ದಾಳೆ. ಹಬ್ಬಗಳಿಗೆ ಅತ್ತೆಗೆ ಫೋನು ಮಾಡುತ್ತಾನೆ. ನಾನು ಈಗಲೂ ಅದೇ ಪಾಠ ಮಾಡುತ್ತೇನೆ. ದಿಗ್ಬಂಧನವೇ ತಪ್ಪು ಎಂದು ಹೇಳುವಷ್ಟು ನನಗೆ ಗೊತ್ತಿಲ್ಲ. ಬಂದೂಕಿನವರ ಕೈಗೆ ಹಣ ಕೊಟ್ಟರೆ ಇನ್ನಷ್ಟು ಬಂದೂಕು ಬರುತ್ತದೆ ಎಂಬುದೂ ಸುಳ್ಳಲ್ಲ. ಬೆತ್ತ, ಬೆಲ್ಲ ಎಂಬ ಮಾತನ್ನು ಮಾತ್ರ ಬಿಟ್ಟಿದ್ದೇನೆ, ಬಾಯಿಗೆ ಬರುವುದಿಲ್ಲ.

ಆದರೆ ವನಗೂರಿನ ಕಟ್ಟೆಯ ಮೇಲೆ ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಇದು ಯಾವುದೂ ಅಲ್ಲ. ಸ್ಪರ್ಧೆ ಮುಗಿದ ಮೇಲಿನ ಭಾನುವಾರ. ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದೆ. ಹಮೀದ್ ಬಿಸಿಲಿಗೆ ಬೆನ್ನು ಕೊಟ್ಟು, ಫೋನಿನಲ್ಲಿ ಪರ್ವೀನ್ ಜೊತೆ ಮಾತಾಡುತ್ತಿದ್ದ. ನನ್ನನ್ನು ಕಂಡು ಫೋನನ್ನು ಎದೆಗೆ ಒತ್ತಿಕೊಂಡ.

"ಮೇಡಮ್, ಒಂದು ಮಾತು. ಆ ಹುಡುಗ ಹೇಳಿದ್ದನ್ನು ಪರ್ವೀನ್‌ಗೆ ಹೇಳುತ್ತಿದ್ದೆ. ಕೋಲು ಯಾರ ಬೆನ್ನಿನ ಮೇಲೆ ಬೀಳುತ್ತದೆ ಅಂತ ಕೇಳಿದನಲ್ಲ, ಅದನ್ನು. ಅವನು ಮುಂದೆ ಏನು ಹೇಳಬೇಕಾಗಿತ್ತು ಅಂತ ಇವಳು ಕೇಳುತ್ತಿದ್ದಾಳೆ."

"ಅವನು ಮರೆತುಬಿಟ್ಟನಲ್ಲ ಹಮೀದ್" ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು.

"ಅವನು ಮರೆತ. ಬರೆದವರು ನೀವು. ನಿಮಗೆ ನೆನಪಿರುತ್ತದಲ್ಲ?"

ಕೈಯಲ್ಲಿದ್ದ ಒದ್ದೆ ಸೀರೆಯ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಏನಾದರೂ ಹೇಳಬಹುದಿತ್ತು. ಮಾತಿಗೆ ನನಗೆ ಎಂದೂ ಬರವಿಲ್ಲ, ನಾಲ್ಕು ಒಳ್ಳೆಯ ವಾಕ್ಯ ನಿಂತ ನಿಲುವಿನಲ್ಲೇ ಕಟ್ಟಬಲ್ಲೆ. ಫೋನಿನ ಆ ಕಡೆ ಪರ್ವೀನ್ ಕಾಯುತ್ತಿದ್ದಳು.

"ಅವನು ಮರೆತಿರಲಿಲ್ಲ" ಎಂದೆ. "ಮುಂದಿನದನ್ನು ನಾನು ಬರೆದೇ ಇರಲಿಲ್ಲ."

ಹಮೀದ್ ಫೋನನ್ನು ಕಿವಿಗಿಟ್ಟುಕೊಂಡು, ಅವಳಿಗೆ ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿದ.